ಬಾರದ ರೈಲಿಗೆ ಕಾದಿಟ್ಟ ನೆಲ

ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ನೈಋತ್ಯಕ್ಕೆ ರೋಸ್‌ವುಡ್ ಎಂಬ ಸಣ್ಣ ಊರಿದೆ. ಅಲ್ಲಿಂದ ಆಗ್ನೇಯಕ್ಕೆ ಕಗಾರು ಎಂಬಲ್ಲಿಯವರೆಗೆ ಐವತ್ತು ಚಿಲ್ಲರೆ ಕಿಲೋಮೀಟರ್ ಉದ್ದಕ್ಕೂ ದನ ಮೇಯುವ ಬಯಲು, ನೀಲಗಿರಿ ಜಾತಿಯ ಮರಗಳಿರುವ ಗುಡ್ಡ, ಮಳೆ ಬಂದಾಗ ಮಾತ್ರ ಮೈದುಂಬುವ ತೊರೆಗಳು. ಈ ಬಯಲಿನ ಒಂದು ಕಿರಿದಾದ ಪಟ್ಟಿಯನ್ನು 2010ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಗೆಜೆಟ್‌ನಲ್ಲಿ 'ಭವಿಷ್ಯದ ರೈಲ್ವೆ ಭೂಮಿ' ಎಂದು ಪ್ರಕಟಿಸಿತು. ರೈಲು ಯಾವಾಗ ಬರುತ್ತದೆ, ಯಾರು ಕಟ್ಟುತ್ತಾರೆ, ಹಣ ಎಲ್ಲಿಂದ ಎಂಬುದು ಯಾವುದೂ ಆಗ ತೀರ್ಮಾನವಾಗಿರಲಿಲ್ಲ. ತೀರ್ಮಾನವಾಗಿದ್ದು ಇಷ್ಟೇ: ಬಂದರೆ ಇಲ್ಲಿಂದಲೇ ಬರಬೇಕು. 'ದಕ್ಷಿಣ ಸರಕು ರೈಲು ಕಾರಿಡಾರ್' ಎಂದು ಅದಕ್ಕೆ ಹೆಸರಿಟ್ಟರು.

ಅದೇ 2010ರಲ್ಲಿ ಅದೇ ಸರ್ಕಾರ ಆ ಸುತ್ತಿನ ರಿಪ್ಲಿ ಕಣಿವೆ ಮತ್ತು ಫ್ಲ್ಯಾಗ್‌ಸ್ಟೋನ್ ಪ್ರದೇಶಗಳನ್ನು ಹೊಸ ನಗರ ಬೆಳೆಸುವ ವಲಯಗಳೆಂದು ಘೋಷಿಸಿತು. ಕಾಲಕ್ರಮದಲ್ಲಿ ತಲಾ ಲಕ್ಷಕ್ಕೂ ಮೀರಿ ಜನ ನೆಲೆಸಬೇಕೆಂಬುದು ಲೆಕ್ಕ. ನಕ್ಷೆಯ ಮೇಲೆ ರೈಲಿನ ಗೆರೆ ಬೀಳುವುದು ಹತ್ತು ವರ್ಷ ತಡವಾಗಿದ್ದರೆ ಆ ಬಯಲು ಸೈಟುಗಳಾಗಿ ಒಡೆದು, ಮನೆ, ಶಾಲೆ, ಒಳಚರಂಡಿ ಎಲ್ಲ ಬಂದಿರುತ್ತಿದ್ದವು. ಆಮೇಲೆ ಸರಕು ರೈಲಿಗೆ ದಾರಿ ಹುಡುಕುವುದೆಂದರೆ ಒಂದೋ ಜನರನ್ನು ಎಬ್ಬಿಸಬೇಕು, ಇಲ್ಲವೇ ನೆಲದಡಿ ಕೊರೆಯಬೇಕು. ಎರಡಕ್ಕೂ ತೆರಬೇಕಾದ ಬೆಲೆ ಆ ಹೊತ್ತಿಗೆ ಯಾವ ಸರ್ಕಾರದ ಕೈಗೂ ಎಟುಕುವುದಿಲ್ಲ.

ರಸ್ತೆಗೆ ಈ ಅವಸರ ಇಷ್ಟಿಲ್ಲ. ರಸ್ತೆ ಬಾಗುತ್ತದೆ, ಏರುತ್ತದೆ, ಕಟ್ಟಡವೊಂದು ಅಡ್ಡ ಬಂದರೆ ಬಳಸಿಕೊಂಡು ಹೋಗುತ್ತದೆ. ಸರಕು ರೈಲಿಗೆ ಅದು ಸಾಧ್ಯವಿಲ್ಲ. ಅದರ ಕಾರಣ ಉಕ್ಕಿನ ಗಾಲಿಯಲ್ಲಿದೆ.

ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಎದುರಾಗುವ ತಡೆ ಅತ್ಯಂತ ಕಡಿಮೆ. ಸಮತಟ್ಟಾದ ನೇರ ಹಳಿಯ ಮೇಲೆ ನಿಧಾನವಾಗಿ ಚಲಿಸುವ ಒಂದು ಟನ್ ತೂಕವನ್ನು ಎಳೆಯಲು ಸುಮಾರು ಎರಡು ಕಿಲೋಗ್ರಾಂ ತೂಕದಷ್ಟು ಬಲ ಸಾಕು. 4,000 ಟನ್ನಿನ ರೈಲಿಗೆ ಎಂಟು ಟನ್ ಎಳೆತ, ಅಂದರೆ ಒಂದೇ ಎಂಜಿನ್ ನಿರಾಯಾಸವಾಗಿ ಮಾಡುವ ಕೆಲಸ. ರೈಲಿನ ಮಿತವ್ಯಯವೆಲ್ಲ ಇಲ್ಲಿಂದ ಹುಟ್ಟುತ್ತದೆ. ಈಗ ಹಳಿಯನ್ನು ನೂರು ಮೀಟರಿಗೆ ಒಂದು ಮೀಟರ್ ಏರುವಂತೆ ಓರೆ ಮಾಡಿ. ಕಣ್ಣಿಗೆ ಏರು ಎಂದು ಅನಿಸುವುದೂ ಇಲ್ಲ, ಸೈಕಲ್ ತುಳಿಯುವವರಿಗೆ ಸ್ವಲ್ಪ ಗೊತ್ತಾದೀತು. ಆದರೆ ಪ್ರತಿ ಟನ್ನಿಗೂ ಗುರುತ್ವದ ಹತ್ತು ಕಿಲೋಗ್ರಾಂ ಹೊಸದಾಗಿ ಸೇರಿತು. ಎಂಟು ಟನ್ ಇದ್ದ ಎಳೆತ ನಲವತ್ತೆಂಟಕ್ಕೆ ಏರಿತು. ಐವತ್ತಕ್ಕೆ ಒಂದು ಏರಿಸಿದರೆ ಎಂಬತ್ತೆಂಟು. ಗಾಲಿಯ ತಡೆ ಕಡಿಮೆ ಇರುವುದರಿಂದಲೇ ಏರು ಇಷ್ಟು ದುಬಾರಿ. ಲಾರಿಯ ರಬ್ಬರ್ ಗಾಲಿಗೆ ಸಮತಟ್ಟಿನಲ್ಲೇ ಇದರ ಹಲವು ಪಟ್ಟು ತಡೆಯಿದೆ, ಹಾಗಾಗಿ ಸಣ್ಣ ಏರು ಅದರ ಲೆಕ್ಕವನ್ನು ಅಷ್ಟಾಗಿ ಕೆಡಿಸುವುದಿಲ್ಲ.

ಎಂಜಿನ್ನಿನ ಶಕ್ತಿ ಹೆಚ್ಚಿಸಿ ಇದನ್ನು ಗೆಲ್ಲೋಣವೆಂದರೆ ಉಕ್ಕಿನ ಇನ್ನೊಂದು ಗುಣ ಅಡ್ಡ ಬರುತ್ತದೆ. ಒಣ ಹಳಿಯನ್ನು ಗಾಲಿ ಹಿಡಿದುಕೊಳ್ಳುವುದು ಎಂಜಿನ್ ತೂಕದ ಮೂರನೇ ಒಂದು ಭಾಗದಷ್ಟು ಮಾತ್ರ, ಹಳಿ ನೆನೆದರೆ ಅದಕ್ಕಿಂತ ಕಡಿಮೆ. 120 ಟನ್ನಿನ ಎಂಜಿನ್ ಎಷ್ಟೇ ಬಲಶಾಲಿಯಾಗಿದ್ದರೂ ಮೂವತ್ತೈದು ನಲವತ್ತು ಟನ್ನಿಗಿಂತ ಹೆಚ್ಚು ಎಳೆಯಹೋದರೆ ಗಾಲಿ ನಿಂತಲ್ಲೇ ಜಾರಿ ಸುತ್ತುತ್ತದೆ. ಹೀಗಾಗಿ ಐವತ್ತಕ್ಕೆ ಒಂದರ ಏರಿನಲ್ಲಿ ಮೂರು ಎಂಜಿನ್ ಬೇಕು, ಅಥವಾ ರೈಲನ್ನು ತುಂಡು ಮಾಡಿ ಹತ್ತಿಸಬೇಕು. ಘಾಟಿಯ ಬುಡದಲ್ಲಿ ಹೊರೆಗಾಡಿಗೆ ಇನ್ನೊಂದು ಜೋಡಿ ಎತ್ತು ಕಟ್ಟುತ್ತಿದ್ದಂತೆಯೇ ಸಕಲೇಶಪುರ ಘಾಟಿಯಲ್ಲಿ ಸರಕು ರೈಲುಗಳಿಗೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಜೋಡಿಸುತ್ತಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಆ 55 ಕಿ.ಮೀ. ಹಾದಿಯಲ್ಲಿ 57 ಸುರಂಗಗಳಿವೆ, ಏರು ಐವತ್ತಕ್ಕೆ ಒಂದು. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ಘಾಟಿ ಇನ್ನೂ ಕಡಿದು, 37ಕ್ಕೆ ಒಂದು. ಮಂಗಳೂರು ಮತ್ತು ಮುರ್ಮುಗೋವಾ ಬಂದರುಗಳಿಗೆ ಒಳನಾಡಿನಿಂದ ಎಷ್ಟು ಸರಕು ಹೋಗಬಹುದು, ಎಷ್ಟು ವೇಗದಲ್ಲಿ ಹೋಗಬಹುದು ಎಂಬುದನ್ನು ಇಂದಿಗೂ ನಿರ್ಧರಿಸುತ್ತಿರುವುದು ಈ ಎರಡು ಭಿನ್ನರಾಶಿಗಳು.

ಕ್ವೀನ್ಸ್‌ಲ್ಯಾಂಡಿನ ಸಮಸ್ಯೆಯೂ ಹುಟ್ಟಿದ್ದು ಇದೇ ಐವತ್ತಕ್ಕೆ ಒಂದರಲ್ಲಿ. ಆ ವಸಾಹತು 1859ರಲ್ಲಷ್ಟೇ ಪ್ರತ್ಯೇಕವಾಗಿತ್ತು, ಕೈಯಲ್ಲಿ ಹಣವಿರಲಿಲ್ಲ. ಕರಾವಳಿಯಿಂದ ಒಳಗೆ, ಬೆಟ್ಟಸಾಲಿನ ಆಚೆ, ಡಾರ್ಲಿಂಗ್ ಡೌನ್ಸ್ ಎಂಬ ಕಪ್ಪು ಮಣ್ಣಿನ ಸಮೃದ್ಧ ಬಯಲು. ಅಲ್ಲಿನ ಉಣ್ಣೆ, ಧಾನ್ಯ ಬಂದರಿಗೆ ಬರಬೇಕು. ನಡುವೆ ಸುಮಾರು 700 ಮೀಟರ್ ಎತ್ತರದಲ್ಲಿ ಟುವೂಂಬಾ ಪಟ್ಟಣ. ಏಬ್ರಹಾಂ ಫಿಟ್ಸ್‌ಗಿಬ್ಬನ್ ಎಂಬ ಎಂಜಿನಿಯರ್ ಒಂದು ಧೈರ್ಯದ ಸಲಹೆ ಕೊಟ್ಟರು: ಹಳಿಗಳ ನಡುವಿನ ಅಂತರವನ್ನು 1067 ಮಿಲಿಮೀಟರಿಗೆ ಇಳಿಸೋಣ, ಆಗ ಬಿಗಿಯಾದ ತಿರುವುಗಳಲ್ಲಿ ಬೆಟ್ಟವನ್ನು ಬಳಸಿಕೊಂಡು ಹತ್ತಬಹುದು, ದೊಡ್ಡ ಕಣಿವೆ ತುಂಬುವ, ಉದ್ದ ಸುರಂಗ ಕೊರೆಯುವ ಖರ್ಚು ಉಳಿಯುತ್ತದೆ. 1865ರ ಜುಲೈ 31ರಂದು ಇಪ್ಸ್‌ವಿಚ್‌ನಿಂದ ಇಂದಿನ ಗ್ರ್ಯಾಂಡ್‌ಚೆಸ್ಟರ್‌ವರೆಗೆ ಮೊದಲ ರೈಲು ಓಡಿತು. ಅಷ್ಟು ಕಿರಿದಾದ ಗೇಜಿನಲ್ಲಿ ಮುಖ್ಯ ಮಾರ್ಗವನ್ನೇ ಹಾಕಿದ್ದು ಜಗತ್ತಿನಲ್ಲಿ ಅದೇ ಮೊದಲು. 1867ರಲ್ಲಿ ಹಳಿ ಟುವೂಂಬಾ ತಲುಪಿತು.

ಎರಡೇ ವರ್ಷಗಳಲ್ಲಿ ಒಂದು ಬಡ ವಸಾಹತು ಇಂಥ ಬೆಟ್ಟ ಹತ್ತಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಆ ಮಿತವ್ಯಯದ ಬಡ್ಡಿಯನ್ನು ಒಂದೂವರೆ ಶತಮಾನದಿಂದ ಕಟ್ಟುತ್ತಿದ್ದಾರೆ. ಅಲ್ಲಿನ ಎಷ್ಟೋ ತಿರುವುಗಳ ತ್ರಿಜ್ಯ ಸುಮಾರು ನೂರು ಮೀಟರ್. ಅಂಥ ತಿರುವಿನಲ್ಲಿ ಗಾಲಿಯ ಅಂಚು ಹಳಿಯ ಪಕ್ಕಕ್ಕೆ ಉಜ್ಜುತ್ತದೆ. ನಮ್ಮ ರೈಲ್ವೆ ಎಂಜಿನಿಯರುಗಳು ಬಳಸುವ ಮೀಟರ್‌ಗೇಜ್ ಸೂತ್ರದ ಪ್ರಕಾರ ಅಂದಾಜಿಸಿದರೆ ಆ ಉಜ್ಜುವಿಕೆ ಇನ್ನೂರಕ್ಕೆ ಒಂದರ ಏರಿಗೆ ಸಮ. ಅಂದರೆ ತಿರುವೇ ಇನ್ನೊಂದು ದಿಬ್ಬವಾಗುತ್ತದೆ. ಹಳೆಯ ಸುರಂಗಗಳ ಸೂರು ಎಷ್ಟು ತಗ್ಗೆಂದರೆ ಇಂದಿನ ಎತ್ತರದ ಕಂಟೇನರುಗಳು ಅದರೊಳಗೆ ಹಿಡಿಸುತ್ತಿರಲಿಲ್ಲ. ಪಾರಂಪರಿಕ ಕಟ್ಟಡಗಳೆಂದು ಪಟ್ಟಿಗೆ ಸೇರಿರುವುದರಿಂದ ಸೂರು ಒಡೆಯುವಂತಿಲ್ಲ. ಈಚಿನ ವರ್ಷಗಳಲ್ಲಿ ಹನ್ನೊಂದು ಸುರಂಗಗಳ ನೆಲವನ್ನೇ ಅಗೆದು ತಗ್ಗಿಸಬೇಕಾಯಿತು. 2011ರ ಜನವರಿಯ ಭೀಕರ ಮಳೆಗೆ ಬೆಟ್ಟದ ಹಾದಿ ಕೊಚ್ಚಿಹೋಗಿ ತಿಂಗಳುಗಟ್ಟಲೆ ರೈಲು ನಿಂತಿತು. ಬಯಲಿನ ಧಾನ್ಯಕ್ಕೂ ಕಲ್ಲಿದ್ದಲಿಗೂ ಬೇರೆ ಹಳಿ ಇರಲಿಲ್ಲ.

ಹಾಗಾದರೆ ಸೌಮ್ಯವಾದ ಹೊಸ ಹಾದಿ ಎಲ್ಲಿ? ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. 400 ಮೀಟರ್ ಎತ್ತರ ಹತ್ತಬೇಕೆಂದುಕೊಳ್ಳಿ. ಐವತ್ತಕ್ಕೆ ಒಂದರಂತೆ ಏರಿದರೆ 20 ಕಿ.ಮೀ. ಹಳಿ ಸಾಕು. ನೂರಕ್ಕೆ ಒಂದಾದರೆ 40. ಭಾರತದ ಮೀಸಲು ಸರಕು ಕಾರಿಡಾರುಗಳಲ್ಲಿರುವಂತೆ ಇನ್ನೂರಕ್ಕೆ ಒಂದೇ ಬೇಕೆಂದರೆ 80 ಕಿ.ಮೀ. ಏರು ಸೌಮ್ಯವಾದಷ್ಟೂ ನೆಲದ ಹಸಿವು ಹೆಚ್ಚುತ್ತದೆ. ಅಷ್ಟು ಉದ್ದದ ಹಾದಿ ಬೆಟ್ಟದ ಮುಖದಲ್ಲಿ ಸಿಗದಿದ್ದರೆ ಬೆಟ್ಟದ ಹೊಟ್ಟೆಯೊಳಗೆ ಹೋಗಬೇಕು. ಟುವೂಂಬಾ ಬೆಟ್ಟಸಾಲಿಗೆ ಕೊನೆಗೆ ಸಿದ್ಧವಾದ ವಿನ್ಯಾಸದಲ್ಲಿ ಆರು ಕಿಲೋಮೀಟರಿಗೂ ಮಿಕ್ಕಿದ ಸುರಂಗವಿದೆ. ಸುರಂಗದ ಎರಡು ಬಾಯಿಗಳು ಎಲ್ಲಿರಬೇಕೆಂದು ಬಂಡೆಯೂ ಎತ್ತರವೂ ಸೇರಿ ನಿಶ್ಚಯಿಸುತ್ತವೆ. ಆ ಬಿಂದುಗಳು ಒಮ್ಮೆ ನಿಂತವೆಂದರೆ ಎರಡೂ ಕಡೆ ಹತ್ತಾರು ಕಿಲೋಮೀಟರ್ ಹಾದಿಗೆ ಆಯ್ಕೆಯೇ ಇರುವುದಿಲ್ಲ. ಪಶ್ಚಿಮದ ಗೌರಿ ಎಂಬ ಊರಿನಿಂದ ಪೂರ್ವದ ಗ್ರ್ಯಾಂಡ್‌ಚೆಸ್ಟರ್‌ವರೆಗಿನ ಹಾದಿಯನ್ನು ಕ್ವೀನ್ಸ್‌ಲ್ಯಾಂಡಿನ ಸಾರಿಗೆ ಇಲಾಖೆ 2003ರಷ್ಟು ಹಿಂದೆಯೇ ಅಧ್ಯಯನ ಮಾಡಿಸಿತು. ರೋಸ್‌ವುಡ್‌ನಿಂದ ಕಗಾರುವರೆಗಿನ ಪಟ್ಟಿ ಅದರ ಮುಂದುವರಿಕೆ. ಬೆಟ್ಟ ಇಳಿದು ಬಂದ ಸರಕು ನಗರದ ಉಪನಗರ ರೈಲುಗಳ ನಡುವೆ ನುಸುಳದೆ, ದಕ್ಷಿಣದಿಂದ ಬಳಸಿ, ಸಿಡ್ನಿ ಕಡೆಯಿಂದ ಬರುವ ಅಂತರರಾಜ್ಯ ಮಾರ್ಗವನ್ನು ಸೇರಲೆಂದು.

ಪಕ್ಕಕ್ಕೆ ಸರಿಯುವುದೂ ಇಷ್ಟೇ ಕಷ್ಟ. 800 ಮೀಟರ್ ತ್ರಿಜ್ಯದ ತಿರುವುಗಳ ಹಾದಿಯಲ್ಲಿ ಒಂದು ಮನೆಯನ್ನು ತಪ್ಪಿಸಲು ಐವತ್ತು ಮೀಟರ್ ಪಕ್ಕಕ್ಕೆ ಸರಿಯಬೇಕೆಂದಿಟ್ಟುಕೊಳ್ಳಿ. ಹೊರಳಿ ಹೋಗಲು ಸುಮಾರು 400 ಮೀಟರ್, ಮರಳಿ ಬರಲು 400 ಮೀಟರ್ ಬೇಕು. ನೇರ ಹಳಿಯಿಂದ ತಿರುವಿಗೆ ನಿಧಾನವಾಗಿ ಬಾಗುವ ಸಂಕ್ರಮಣ ಭಾಗಗಳನ್ನು ಸೇರಿಸಿದರೆ ಒಂದು ಕಿಲೋಮೀಟರ್ ದಾಟುತ್ತದೆ. ಒಂದು ಮನೆಯ ಸಮಸ್ಯೆ ಬಗೆಹರಿಸಲು ಹೋಗಿ ಒಂದು ಕಿಲೋಮೀಟರ್ ಉದ್ದಕ್ಕೂ ಇರುವ ಎಲ್ಲರ ಹೊಲ ಬದಲಾಗುತ್ತದೆ.

ಪಟ್ಟಿಯ ಅಗಲದ ಬಗ್ಗೆಯೂ ಜನಕ್ಕೆ ತಪ್ಪು ಅಂದಾಜಿರುತ್ತದೆ. ಒಂದು ಜೋಡಿ ಹಳಿಗೆ ಎಷ್ಟು ಜಾಗ ಬೇಕು, ಹತ್ತಡಿಯೇ? ಹಳಿ ಕೂರುವ ಮಟ್ಟಸ ಎಂಟು ಮೀಟರ್ ಎನ್ನಿ. ತಗ್ಗಿನಲ್ಲಿ ಹತ್ತು ಮೀಟರ್ ಎತ್ತರಕ್ಕೆ ಮಣ್ಣಿನ ಏರಿ ಹಾಕಬೇಕಾದರೆ, ಏರಿ ಕುಸಿಯದಿರಲು ಇಳಿಜಾರು ಎತ್ತರದ ಎರಡು ಪಟ್ಟು ಹರಡಬೇಕು. ಅಲ್ಲಿಗೆ ಎರಡೂ ಬದಿ ಇಪ್ಪತ್ತಿಪ್ಪತ್ತು ಮೀಟರ್ ಸೇರಿ ಬುಡದಲ್ಲಿ 48 ಮೀಟರ್ ಆಯಿತು. ಮೇಲೆ ಚರಂಡಿ, ದುರಸ್ತಿಯ ದಾರಿ, ಬೇಲಿ. ಎದುರುಬದುರು ರೈಲುಗಳು ಹಾಯಲು ಅಲ್ಲಲ್ಲಿ ಎರಡನೇ ಹಳಿ, ಅದೂ ರೈಲಿಗಿಂತ ಉದ್ದವಾಗಿ. ಮೆಲ್ಬರ್ನ್‌ನಿಂದ ಬ್ರಿಸ್ಬೇನ್‌ಗೆ ಯೋಜಿಸಿದ ಇನ್‌ಲ್ಯಾಂಡ್ ರೈಲ್ ಮಾರ್ಗದ ರೈಲುಗಳ ಉದ್ದ 1,800 ಮೀಟರ್, ಕಂಟೇನರಿನ ಮೇಲೆ ಕಂಟೇನರ್. ಆ ಉದ್ದಕ್ಕೆ ತಕ್ಕ ನೇರ, ಚಪ್ಪಟೆ ನೆಲ ಗುಡ್ಡಗಾಡಿನಲ್ಲಿ ಎಲ್ಲಿ ಬೇಕೆಂದಲ್ಲಿ ಸಿಗುವುದಿಲ್ಲ. ಇದಲ್ಲದೆ ಸದ್ದು. ಬಿಗಿ ತಿರುವಿನಲ್ಲಿ ಗಾಲಿ ಹಳಿಗೆ ಅಂಟಿ, ಜಾರಿ, ಮತ್ತೆ ಅಂಟುವಾಗ ಕಿವಿಗಡಚಿಕ್ಕುವ ಕೀರಲು ಏಳುತ್ತದೆ, ಸರಕು ರೈಲು ಹೆಚ್ಚಾಗಿ ರಾತ್ರಿಯೇ ಓಡುತ್ತದೆ. ಆದ್ದರಿಂದ ಹಳಿಯ ಜಾಗವನ್ನಷ್ಟೇ ಕಾಪಾಡಿ ಅದರ ಅಂಚಿಗೇ ಮಲಗುವ ಕೋಣೆಗಳು ಬರಲು ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ.

ಜಾಗ ಕಾಯುವುದೆಂದರೆ ಅದನ್ನು ಖಾಲಿ ಬಿಡುವುದು ಎಂದೇನೂ ಅಲ್ಲ. ಕ್ವೀನ್ಸ್‌ಲ್ಯಾಂಡಿನ ಪದ್ಧತಿಯಲ್ಲಿ ಭವಿಷ್ಯದ ರೈಲ್ವೆ ಭೂಮಿ ಮಾಲೀಕರ ಕೈಯಲ್ಲೇ ಇರುತ್ತದೆ. ದನ ಮೇಯುತ್ತವೆ, ಬೆಳೆ ಬೆಳೆಯುತ್ತದೆ, ಮಾರಾಟಕ್ಕೂ ತಡೆಯಿಲ್ಲ. ಹೊಸ ಲೇಔಟ್, ಹೊಸ ಕಟ್ಟಡಕ್ಕೆ ಅರ್ಜಿ ಬಂದಾಗ ಮಾತ್ರ ಅದು ರೈಲಿಗೆ ಅಡ್ಡಿಯಾದೀತೇ ಎಂದು ಪರಿಶೀಲಿಸುತ್ತಾರೆ. ಲಂಡನ್ನಿನಲ್ಲಿ ಇದನ್ನು ನೆಲದಡಿಯಲ್ಲೂ ಮಾಡಿದರು. ಪೂರ್ವ ಪಶ್ಚಿಮಗಳನ್ನು ಜೋಡಿಸುವ ಸುರಂಗ ರೈಲಿನ ಪಥವನ್ನು 1990ರ ದಶಕದ ಆರಂಭದಿಂದ ಕಾಯ್ದಿಟ್ಟಿದ್ದರಿಂದ ಅದರ ಮೇಲೆ ಕಟ್ಟುವವರು ತಮ್ಮ ಅಡಿಪಾಯಗಳು ಸುರಂಗಕ್ಕೆ ಅಡ್ಡವಾಗದಂತೆ ನೋಡಿಕೊಳ್ಳಬೇಕಾಯಿತು. ಪ್ರಯಾಣಿಕರ ರೈಲು ಓಡಿದ್ದು 2022ರಲ್ಲಿ.

ಕಾಗದದ ಮೇಲೆ ಇದೆಲ್ಲ ಸಲೀಸು. ಗೆರೆ ಎಳೆಯಲು ಸರ್ಕಾರಕ್ಕೆ ಹೆಚ್ಚೇನೂ ಖರ್ಚಿಲ್ಲ. ಆ ಗೆರೆಯಡಿ ಸಿಕ್ಕ ಕುಟುಂಬಕ್ಕೆ ಮಾತ್ರ ಆ ದಿನದಿಂದಲೇ ಖರ್ಚು ಶುರು. ಮಾರಾಟಕ್ಕೆ ತಡೆಯಿಲ್ಲ ಎನ್ನುತ್ತದೆ ಕಾನೂನು, ಆದರೆ ಕೊಳ್ಳುವವರು ಯಾರು? ಬ್ಯಾಂಕು ಸಾಲಕ್ಕೆ ಹಿಂದೆಮುಂದೆ ನೋಡುತ್ತದೆ. ಸೂರಿಗೆ ಹೊಸ ಶೀಟು ಹಾಕಿಸುವುದೇ, ಬೇಡವೇ? ಮಗ ಇದೇ ಹೊಲದಲ್ಲಿ ಉಳಿಯಲಿ ಎನ್ನುವುದೇ, ನಗರಕ್ಕೆ ಹೋಗು ಎನ್ನುವುದೇ? ರೈಲು ಬರುವುದು ಖಚಿತವಾದರೆ ಮನಸ್ಸು ಗಟ್ಟಿ ಮಾಡಿಕೊಳ್ಳಬಹುದು, ಬರುವುದಿಲ್ಲವೆಂದು ಖಚಿತವಾದರೆ ನಿಟ್ಟುಸಿರು ಬಿಡಬಹುದು. ಇಪ್ಪತ್ತು ವರ್ಷ ಎರಡೂ ಆಗದಿರುವ ಸ್ಥಿತಿ ನಿಜವಾದ ನಷ್ಟ, ಮತ್ತು ಯಾವ ಯೋಜನಾ ವರದಿಯ ವೆಚ್ಚದ ಕೋಷ್ಟಕದಲ್ಲೂ ಅದಕ್ಕೆ ಸಾಲು ಇರುವುದಿಲ್ಲ. ಭೂಮಿ ಕಾಯ್ದಿಡುವ ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂದು ನಾನು ಅಳೆಯುವುದು ಈ ನಷ್ಟವನ್ನು ಯಾರ ಹೆಗಲಿಗೆ ಹಾಕಿದರು ಎಂಬುದರಿಂದ.

ಆ ಅಳತೆಯಲ್ಲಿ ನನಗೆ ಕಂಡ ಅತ್ಯುತ್ತಮ ಉದಾಹರಣೆ ಅದೇ ದೇಶದ ಇನ್ನೊಂದು ತುದಿಯ ಪರ್ತ್ ನಗರ. ಗಾರ್ಡನ್ ಸ್ಟೀಫನ್‌ಸನ್ ಮತ್ತು ಅಲಿಸ್ಟರ್ ಹೆಪ್ಬರ್ನ್ 1955ರಲ್ಲಿ ಆ ನಗರಕ್ಕೊಂದು ಯೋಜನೆ ಮಾಡಿಕೊಟ್ಟರು. ಮುಂದೆ ಬೇಕಾಗುವ ಹೆದ್ದಾರಿ, ರೈಲು ಹಾದಿ, ನದಿದಂಡೆಯ ಉದ್ಯಾನಗಳಿಗೆಲ್ಲ ಅದರಲ್ಲಿ ಜಾಗ ಗುರುತಿಸಿದ್ದರು. ಇಂಥ ಬಣ್ಣದ ನಕ್ಷೆಗಳು ಜಗತ್ತಿನ ಎಲ್ಲ ನಗರಗಳ ಕಪಾಟಿನಲ್ಲೂ ಇವೆ. ಪರ್ತ್ ಮಾಡಿದ ವಿಶೇಷವೆಂದರೆ 1959ರ ಕಾಯ್ದೆಯ ಜೊತೆಗೇ ಮಹಾನಗರ ಪ್ರದೇಶದ ಭೂಮಿಯ ಮೇಲೆ ಒಂದು ಸಣ್ಣ ತೆರಿಗೆ ಹಾಕಿದ್ದು. ಮಾಲೀಕರು ಸ್ವತಃ ವಾಸಿಸುವ ಮನೆಗೆ ಅದರಿಂದ ವಿನಾಯಿತಿ. ಹಣ ಸರ್ಕಾರದ ಸಾಮಾನ್ಯ ಖಜಾನೆಗೆ ಸೇರಿ ಕರಗದೆ ಪ್ರತ್ಯೇಕ ನಿಧಿಗೆ ಹೋಗುತ್ತದೆ. 1963ರಲ್ಲಿ ಮೀಸಲು ನಕ್ಷೆ ಜಾರಿಗೆ ಬಂದ ಮೇಲೆ, ಗೆರೆಯಡಿ ಸಿಕ್ಕವರಿಗೆ ಕಟ್ಟಲು ಅನುಮತಿ ನಿರಾಕರಿಸಿದಾಗ, ಅಥವಾ ಮೀಸಲಿನ ಕಾರಣಕ್ಕೇ ಕಡಿಮೆ ಬೆಲೆಗೆ ಮಾರಬೇಕಾಗಿ ಬಂದಾಗ, ಪರಿಹಾರ ಕೇಳಲು ಅಥವಾ ಸರ್ಕಾರಕ್ಕೇ ಮಾರಲು ಕಾನೂನಿನ ದಾರಿ ಇದೆ. ಹೊಸ ಹಾದಿಯಿಂದ ಇಡೀ ನಗರದ ಭೂಮಿಯ ಬೆಲೆ ಏರುತ್ತದೆ. ಹಾಗಾಗಿ ಇಡೀ ನಗರದ ಭೂಮಿಯೇ ಅದರ ಬೆಲೆ ತೆರಲಿ ಎಂಬ ತತ್ವ ಅದು.

ಪರ್ತ್‌ನ ಜನ ಸೌಮ್ಯ ಹಾದಿಯ ಬೆಲೆಯನ್ನೂ ಕಣ್ಣಾರೆ ಕಂಡವರು. 1966ರಲ್ಲಿ ಏವನ್ ಕಣಿವೆಯೊಳಗೆ ಇನ್ನೂರಕ್ಕೆ ಒಂದರ ಏರಿನ ಹೊಸ ಮಾರ್ಗ ತೆರೆದಾಗ ಬೆಟ್ಟದ ಮೇಲಿನ ಕಡಿದಾದ ಹಳೆಯ ಹಾದಿಯನ್ನು ಪೂರ್ತಿ ಮುಚ್ಚಿಬಿಟ್ಟರು. ಅದೀಗ ಕಾಲ್ನಡಿಗೆಯವರ, ಸೈಕಲ್ಲಿನವರ ಪಥ.

ಕಾಯ್ದಿಟ್ಟ ಗೆರೆ ಹಳೆಯದಾದಷ್ಟೂ ಅದಕ್ಕೊಂದು ನೈತಿಕ ಬಲ ಬರುತ್ತದೆ ಎಂಬುದಕ್ಕೆ ಸಿಡ್ನಿಯಲ್ಲೊಂದು ಸಾಕ್ಷಿಯಿದೆ. ಪಶ್ಚಿಮ ಸಿಡ್ನಿಯ ಕ್ಯಾಸಲ್‌ರೇ ಎಂಬಲ್ಲಿ 1951ರ ಯೋಜನೆಯಿಂದಲೂ ಒಂದು ಹೆದ್ದಾರಿಗೆ ಪಟ್ಟಿ ಮೀಸಲಿತ್ತು. ಸುತ್ತಲಿನವರು ಅದನ್ನು ತಿಳಿದೇ ಭೂಮಿ ಕೊಂಡಿದ್ದರು, ಮನೆ ಕಟ್ಟಿದ್ದರು. 2018ರಲ್ಲಿ ರಸ್ತೆ ಮತ್ತು ಸರಕು ರೈಲುಗಳಿಗೆಂದು ಹಲವು ಕಾರಿಡಾರುಗಳನ್ನು ಒಟ್ಟಿಗೆ ಪ್ರಕಟಿಸಿದಾಗ ಸರ್ಕಾರ ಆ ಹಳೆಯ ಪಟ್ಟಿಯನ್ನು ಬಿಟ್ಟು ಬೇರೆ ಗೆರೆ ತೋರಿಸಿತು. ನಿನ್ನೆಯವರೆಗೆ ಯಾವ ನಕ್ಷೆಯಲ್ಲೂ ಇಲ್ಲದ ಗೆರೆ ಇಂದು ನಮ್ಮ ಅಂಗಳದಲ್ಲಿ ಹೇಗೆ ಬಂತು ಎಂದು ಜನ ಎದ್ದು ನಿಂತರು. ಕೆಲವೇ ತಿಂಗಳಲ್ಲಿ ಸರ್ಕಾರ 1951ರ ಪಟ್ಟಿಗೇ ಮರಳಿತು. ಆ ಜನ ರಸ್ತೆಯ ವಿರೋಧಿಗಳೆಂದು ನನಗೆ ಅನಿಸುವುದಿಲ್ಲ. ಗೊತ್ತಿರುವ ಗೆರೆಯ ಪಕ್ಕದಲ್ಲಿ ಬದುಕು ಕಟ್ಟಿಕೊಳ್ಳುವುದು ಮನುಷ್ಯರಿಗೆ ಸಾಧ್ಯ, ಮುಂಚೆ ಹೇಳಿದರೆ.

ಅದೇ ರಾಜ್ಯದ ನ್ಯೂಕ್ಯಾಸಲ್‌ನಲ್ಲಿ ಉಪನಗರದ ನಡುವೆಯೇ ಸಿಡ್ನಿ ಬ್ರಿಸ್ಬೇನ್ ಸರಕು ರೈಲು ಹಾಯುತ್ತದೆ, ಆಡಮ್ಸ್‌ಟೌನ್ ಗೇಟು ಬಿದ್ದಾಗ ಎರಡೂ ಕಡೆ ವಾಹನಗಳ ಸಾಲು ಬೆಳೆಯುತ್ತದೆ. ಊರ ಹೊರಗಿನಿಂದ, ಫ್ಯಾಸಿಫರ್ನ್‌ನಿಂದ ಹೆಕ್ಸಮ್‌ವರೆಗೆ ಸುಮಾರು 30 ಕಿ.ಮೀ. ಸರಕು ಹಾದಿಗೆ ಜಾಗ ಗುರುತಿಸಿ 2021ರಲ್ಲಿ ಜನರ ಮುಂದಿಟ್ಟರು. ಕಟ್ಟುವ ಮಾತು ಆಮೇಲೆ, ಮೊದಲು ಜಾಗ ಉಳಿಯಲಿ ಎಂದು.

ಜಾಗ ಉಳಿದ ಮಾತ್ರಕ್ಕೆ ರೈಲು ಬರುತ್ತದೆ ಎಂಬ ಭರವಸೆಯೇನೂ ಇಲ್ಲ. ಅದೇ ರಾಜ್ಯದ ಪೋರ್ಟ್ ಕೆಂಬ್ಲಾ ಬಂದರಿಗೆ ಕಲ್ಲಿದ್ದಲು ತರಲೆಂದು ಮಾಲ್ಡನ್‌ನಿಂದ ಡಂಬಾರ್ಟನ್‌ವರೆಗೆ 35 ಕಿ.ಮೀ. ಮಾರ್ಗವನ್ನು 1983ರಲ್ಲಿ ಕಟ್ಟಲು ತೊಡಗಿ 1988ರಲ್ಲಿ ಹೊಸ ಸರ್ಕಾರ ನಿಲ್ಲಿಸಿತು. ನೇಪಿಯನ್ ನದಿಯ ಸೇತುವೆ ನಡುವೆ ಜೋಡಣೆಯಿಲ್ಲದೆ ಉಳಿಯಿತು. ಅಂದಿನಿಂದ ಮರುಜೀವದ ಅಧ್ಯಯನಗಳು ನಡೆದಿವೆ, ಹಳಿ ಬಿದ್ದಿಲ್ಲ. ಇಂದಿಗೂ ಆ ಬಂದರಿನ ಎಷ್ಟೋ ರೈಲುಗಳು ಸಿಡ್ನಿಯ ಪ್ರಯಾಣಿಕರ ಮಾರ್ಗದಲ್ಲಿ, ಬೆಳಗ್ಗೆ ಸಂಜೆಯ ದಟ್ಟಣೆ ತಪ್ಪಿಸಿ, ಸಂದು ನೋಡಿಕೊಂಡು ಹೋಗಬೇಕು.

ರೋಸ್‌ವುಡ್ ಪಟ್ಟಿಯ ಮುಂದಿನ ಕಥೆಯೂ ಸರಳ ರೇಖೆಯಲ್ಲಿ ಸಾಗಲಿಲ್ಲ. 1,700 ಕಿ.ಮೀ. ಉದ್ದದ ಇನ್‌ಲ್ಯಾಂಡ್ ರೈಲ್ ಯೋಜನೆ ಗಟ್ಟಿಯಾದಾಗ ಅದರ ಕೊನೆಯ ತುಂಡುಗಳಲ್ಲೊಂದಾದ ರೋಸ್‌ವುಡ್ ಪಕ್ಕದ ಕ್ಯಾಲ್ವರ್ಟ್‌ನಿಂದ ಕಗಾರುವರೆಗಿನ ಮಾರ್ಗ, 53 ಕಿ.ಮೀ., ಬಹುಪಾಲು 2010ರಲ್ಲಿ ಕಾಯ್ದಿಟ್ಟ ಪಟ್ಟಿಯಲ್ಲೇ ವಿನ್ಯಾಸಗೊಂಡಿತು. ಆ ಮಟ್ಟಿಗೆ ಗೆಜೆಟ್ಟಿನ ಗೆರೆ ತನ್ನ ಕೆಲಸ ಮಾಡಿತು. ಆದರೆ ಬೆಟ್ಟದ ಪಶ್ಚಿಮಕ್ಕೆ, ಕಾಂಡಮೈನ್ ನದಿಯ ನೆರೆಬಯಲಿನಲ್ಲಿ, ಅಂಥ ಹಳೆಯ ಒಪ್ಪಂದವಿರಲಿಲ್ಲ. ಕೆಲವು ಕಿಲೋಮೀಟರ್ ಅಗಲಕ್ಕೆ ತೆಳ್ಳಗೆ ಹರಡಿ ಹರಿಯುವ ನೆರೆಗೆ ರೈಲಿನ ಏರಿ ಅಡ್ಡಗಟ್ಟೆಯಾಗುತ್ತದೆ, ನೀರು ನಮ್ಮ ಹೊಲದ ಮಣ್ಣನ್ನು ಕೊರೆಯುತ್ತದೆ ಎಂದು ರೈತರು ಪಟ್ಟು ಹಿಡಿದರು. ಅಲ್ಲಿ ಒಂದು ಗೇಣು ನೀರಿನ ಮಟ್ಟ ಹೆಚ್ಚುಕಮ್ಮಿಯಾದರೂ ಎಷ್ಟೋ ಎಕರೆಯ ಹಣೆಬರಹ ಬದಲಾಗುತ್ತದೆ. ನೆರೆಯ ಗಣಕ ಮಾದರಿಗಳನ್ನು ಪರಿಶೀಲಿಸಲು ಸ್ವತಂತ್ರ ತಜ್ಞರ ಸಮಿತಿಯನ್ನೇ ನೇಮಿಸಬೇಕಾಯಿತು. ತಲೆಮಾರುಗಳಿಂದ ನೀರು ನೋಡಿದವರ ಮಾತನ್ನು ಮಾದರಿ ಕಟ್ಟುವ ಮುಂಚೆಯೇ ಕೇಳಿದ್ದರೆ ವರ್ಷಗಳು ಉಳಿಯುತ್ತಿದ್ದವು ಎಂಬುದು ನನ್ನ ದೃಢ ಅಭಿಪ್ರಾಯ.

ಇಡೀ ಯೋಜನೆಯ ವೆಚ್ಚ 2020ರ ಅಂದಾಜಿನಲ್ಲಿ 14.5 ಶತಕೋಟಿ ಆಸ್ಟ್ರೇಲಿಯನ್ ಡಾಲರ್ ಇದ್ದದ್ದು, ಅರ್ಥಶಾಸ್ತ್ರಜ್ಞೆ ಕೆರಿ ಶಾಟ್ ಅವರ ಸ್ವತಂತ್ರ ಪರಿಶೀಲನಾ ವರದಿ 2023ರಲ್ಲಿ ಹೊರಬಂದಾಗ 31 ಶತಕೋಟಿ ದಾಟಿತ್ತು. ರೈಲು ಬ್ರಿಸ್ಬೇನ್‌ನಲ್ಲಿ ಎಲ್ಲಿ ಕೊನೆಗೊಳ್ಳುತ್ತದೆ ಎಂಬುದೇ ನಿಶ್ಚಯವಾಗದೆ ಕೆಲಸ ಶುರು ಮಾಡಿದ್ದನ್ನು ವರದಿ ಕಟುವಾಗಿ ಟೀಕಿಸಿತು. ಇಪ್ಸ್‌ವಿಚ್ ಬಳಿಯ ಎಬೆನೀಜರ್‌ನಲ್ಲಿ ಟರ್ಮಿನಲ್ ಇರಲಿ, ದಕ್ಷಿಣದ ಭಾಗವನ್ನು ಮೊದಲು ಮುಗಿಸಿ, ಉತ್ತರದ ಭಾಗದಲ್ಲಿ ಸದ್ಯಕ್ಕೆ ಅನುಮತಿ ಮತ್ತು ಭೂಮಿ ಪಡೆಯುವ ಕೆಲಸ ನಡೆಯಲಿ ಎಂಬ ದಿಕ್ಕಿಗೆ ಸರ್ಕಾರ ಹೊರಳಿತು. ಹದಿಮೂರು ವರ್ಷ ಕಳೆದು, ಕೋಟ್ಯಂತರ ಡಾಲರಿನ ವಿನ್ಯಾಸ ಮುಗಿದ ಮೇಲೆ, ಆ ಬಯಲಿನ ಪಾಲಿಗೆ ಪ್ರಶ್ನೆ ಮತ್ತೆ ಜಾಗ ಕಾಯುವುದಕ್ಕೇ ಬಂದು ನಿಂತಿತು. ಈ ಬಾರಿ ಅದು ಕಾಗದದ ಗೆರೆಯಿಂದ ಮುಂದೆ ಹೋಗಿ ನಿಜವಾದ ಖರೀದಿಯಾದರೆ ಗೆರೆಯಡಿಯ ಕುಟುಂಬಗಳಿಗೆ ಬಿಡುಗಡೆ.

ನಮ್ಮಲ್ಲಿ ಇದಕ್ಕೆ ಕಾನೂನಿನ ಚೌಕಟ್ಟೇ ಬೇರೆ. ರೈಲ್ವೆ ಕಾಯ್ದೆಗೆ 2008ರಲ್ಲಿ ತಂದ ತಿದ್ದುಪಡಿ ವಿಶೇಷ ರೈಲ್ವೆ ಯೋಜನೆಗಳಿಗೆ ವೇಗವಾಗಿ ಭೂಮಿ ಪಡೆಯಲು ಮಾಡಿದ್ದು. ಪ್ರಾಥಮಿಕ ಅಧಿಸೂಚನೆಯಿಂದ ಘೋಷಣೆಗೆ ಒಂದು ವರ್ಷ, ಅಲ್ಲಿಂದ ಪರಿಹಾರದ ಐತೀರ್ಪಿಗೆ ಇನ್ನೊಂದು ವರ್ಷ ಎಂದು ಗಡುವು ಹಾಕಿದೆ. ಮೀಸಲು ಸರಕು ಕಾರಿಡಾರುಗಳಿಗೆ ಭೂಮಿ ಬಂದದ್ದು ಈ ದಾರಿಯಲ್ಲಿ. ನಾಳೆ ಕಟ್ಟುವ ಹಳಿಗೆ ಅದು ಸರಿ, ಮೂವತ್ತು ವರ್ಷದ ಮೇಲೆ ಕಟ್ಟುವ ಹಳಿಗೆ ಅದರಲ್ಲಿ ಜಾಗವಿಲ್ಲ. ಕರ್ನಾಟಕದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಮೀಸಲಿಡುವ ಅವಕಾಶವಿದೆ, ಆದರೆ ಐದು ವರ್ಷದೊಳಗೆ ಭೂಮಿ ಪಡೆಯದಿದ್ದರೆ ಮೀಸಲು ತಾನಾಗಿ ರದ್ದಾಗುತ್ತದೆ. ಮಾಲೀಕರ ಹಕ್ಕಿನ ದೃಷ್ಟಿಯಿಂದ ಆ ನಿಯಮ ನ್ಯಾಯವಾದದ್ದೇ. ನಿಧಿಯಿಲ್ಲದ ಮೀಸಲಿನ ದುರ್ಬಲತೆಯನ್ನೂ ಅದು ತೋರಿಸುತ್ತದೆ.

ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯ ರೈತರಿಗೆ ಇದರ ಬಿಸಿ ಗೊತ್ತು. 1,810 ಎಕರೆಗೆ ಅಂತಿಮ ಅಧಿಸೂಚನೆ ಹೊರಟಿದ್ದು 2007ರಲ್ಲಿ. ಯೋಜನೆಯ ಹೆಸರು ಬದಲಾಯಿತು, ವಿಸ್ತಾರ ಬದಲಾಯಿತು, ಪರಿಹಾರದ ಸೂತ್ರ ಬದಲಾಯಿತು. ಪಹಣಿಯಲ್ಲಿ ಬಿದ್ದ ಗುರುತು ಮಾತ್ರ ಹೋಗಲಿಲ್ಲ. ಅಲ್ಲಿ ಯಾರಾದರೂ ಕಾರಿಡಾರ್ ಎಂಬ ಮಾತೆತ್ತಿದರೆ ಜನ ಅನುಮಾನದಿಂದ ನೋಡುವುದು ಸಹಜ. ಈಗ ಅದೇ ನಗರದ ಸುತ್ತ ಸುಮಾರು 287 ಕಿ.ಮೀ. ವರ್ತುಲ ರೈಲಿನ ಯೋಜನೆ ಸಿದ್ಧವಾಗುತ್ತಿದೆ. ನಿಡವಂದ, ದೇವನಹಳ್ಳಿ, ಮಾಲೂರು, ಹೀಲಲಿಗೆ, ಹೆಜ್ಜಾಲ, ಸೋಲೂರು ಎಂದು ಅದರ ಸುತ್ತು. ಸರಕು ರೈಲುಗಳು ನಗರದ ಹೊಟ್ಟೆಯೊಳಗೆ ಬರದೆ ಹೊರಗಿನಿಂದಲೇ ದಿಕ್ಕು ಬದಲಿಸಲಿ ಎಂಬ ಆಸೆ ಸರಿಯಾದದ್ದು, ನಾನದನ್ನು ಮನಃಪೂರ್ವಕ ಬೆಂಬಲಿಸುತ್ತೇನೆ. ಪಥ ಖಚಿತವಾದ ದಿನವೇ ಸರ್ವೆ ನಂಬರುಗಳ ಪಟ್ಟಿಯ ಜೊತೆಗೆ ಕಾಲಮಿತಿ, ಗಡುವು ಮೀರಿದರೆ ಬಿಡುಗಡೆ, ಮತ್ತು ಮಾರಲೇಬೇಕಾದವರಿಂದ ತಕ್ಷಣ ಮಾರುಕಟ್ಟೆ ಬೆಲೆಗೆ ಕೊಳ್ಳಲು ಎತ್ತಿಟ್ಟ ಹಣ, ಇವು ಮೂರೂ ಪ್ರಕಟವಾಗಬೇಕು. ಆ ಸುತ್ತಿನ ಭೂಮಿಯ ಬೆಲೆ ರೈಲಿನಿಂದಲೇ ಏರಲಿರುವಾಗ ಪರ್ತ್ ಮಾದರಿಯ ನಿಧಿ ಇಲ್ಲಿ ಅಸಾಧ್ಯವೇನಲ್ಲ.

ಹಳಿಯ ಪಟ್ಟಿಗಿಂತಲೂ ಮೊದಲು ಕೈತಪ್ಪುವುದು ಯಾರ್ಡುಗಳ ಜಾಗ. ಒಂದೂವರೆ ಕಿಲೋಮೀಟರಿನ ರೈಲು ನಿಂತು, ತುಂಬಿ, ಖಾಲಿಯಾಗಿ ಹೊರಡಲು ಎರಡು ಕಿಲೋಮೀಟರಿಗೂ ಹೆಚ್ಚು ನೇರ ನೆಲ ಬೇಕು. ಬಿಟ್ಟ ವ್ಯಾಗನ್ನುಗಳು ತಾವಾಗಿ ಉರುಳದಂತೆ ಯಾರ್ಡಿನ ಏರು 1,200ಕ್ಕೆ ಒಂದನ್ನು ಮೀರದಿದ್ದರೆ ಒಳ್ಳೆಯದು ಎಂದು ನಮ್ಮ ರೈಲ್ವೆಯ ನಿಯಮ ಹೇಳುತ್ತದೆ. ಅಂದರೆ ಆ ಎರಡು ಕಿಲೋಮೀಟರ್ ಉದ್ದಕ್ಕೆ ಒಂದೂಮುಕ್ಕಾಲು ಮೀಟರ್‌ಗಿಂತ ಕಡಿಮೆ ಏರಿಳಿತ. ಬೆಂಗಳೂರು ಸುತ್ತಲಿನ ಉಬ್ಬುತಗ್ಗಿನ ನೆಲದಲ್ಲಿ ಅಂಥ ಚಪ್ಪಟೆ ತುಂಡುಗಳು ಎಲ್ಲೆಲ್ಲೂ ಸಿಗುವುದಿಲ್ಲ. ಗೋದಾಮು ಕಟ್ಟುವವರೂ ಲೇಔಟ್ ಮಾಡುವವರೂ ಹುಡುಕುತ್ತಿರುವುದು ಅದೇ ತುಂಡುಗಳನ್ನು.